ಹೊರಗಿನ ಎಲ್‌ಇಡಿಗೆ ಎಷ್ಟು ಕೆಲ್ವಿನ್? ಚಿರೇಕಲ್ಲಿನ ಕಾಂಪೌಂಡು, ನೀಲಿ ಗೋಡೆ, ಕಡಲಿಗೆ 250 ಮೀಟರ್

ಪ್ರಶ್ನೆ: ಅಂಗಳದೀಪ, ಅಗೊಂದ

ಗೋವಾದ ಕಾಣಕೋಣ ತಾಲೂಕಿನ ಅಗೊಂದದಲ್ಲಿ ಹಳೇ ಮನೆ. ಹೊರಗಿನ ದೀಪಗಳನ್ನೆಲ್ಲ ಹೊಸದಾಗಿ ಹಾಕಿಸಬೇಕು. ಜಾಗದ ವಿವರ ಮೊದಲೇ ಕೊಟ್ಟುಬಿಡ್ತೀನಿ.

ಕಾಂಪೌಂಡು ಗಿಲಾವು ಮಾಡದ ಚಿರೇಕಲ್ಲು, ಐದಡಿ ಎತ್ತರ. ಮನೆಯ ಮುಂಗೋಡೆಗೆ ಗಾಢ ನೀಲಿ, ಕಿಟಕಿ ಸುತ್ತ ಬಿಳಿ ಪಟ್ಟಿ, ಮೇಲೆ ಮಂಗಳೂರು ಹೆಂಚು. ಮುಂದೆ ಬಲ್ಕಾಂವ್ (ಗೋವಾ ಮನೆಗಳ ಮುಂಬಾಗಿಲ ಜಗಲಿ), ಅದಕ್ಕೆ ಐದು ಮೆಟ್ಟಿಲು. ಗೇಟಿಂದ ಮೆಟ್ಟಿಲವರೆಗೆ 35 ಮೀಟರ್ ದಾರಿ, ಎರಡೂ ಬದಿ ಕ್ರೋಟನ್ ಮತ್ತು ದಾಸವಾಳ, ನಡುವೆ ತುಳಸಿ ಕಟ್ಟೆ. ಮನೆ ಪೂರ್ವಕ್ಕೆ ಮುಖ. ಹಿತ್ತಲಲ್ಲಿ ಬಾವಿಕಟ್ಟೆ, ಒಗೆಯೋ ಕಲ್ಲು. ಅಲ್ಲಿಂದ ಪಶ್ಚಿಮಕ್ಕೆ ಸಮುದ್ರ ಸುಮಾರು 250 ಮೀಟರ್. ನಡುವೆ ತೆಂಗಿನ ತೋಟ ಇದ್ದರೂ ಬಾವಿ ಹತ್ತಿರ ನಿಂತರೆ ದಂಡೆಯ ಒಂದು ತುಂಡು ಕಾಣುತ್ತೆ.

ಎಲೆಕ್ಟ್ರಿಷಿಯನ್ ಕೊಟ್ಟ ಪಟ್ಟಿ: ಗೇಟಿನ ಎರಡು ಕಂಬಕ್ಕೆ ತಲಾ 9 ವ್ಯಾಟ್, ಕಾಂಪೌಂಡಿಗೆ ನಾಲ್ಕು 9 ವ್ಯಾಟ್, ದಾರಿಗೆ 12 ವೋಲ್ಟಿನ 5 ವ್ಯಾಟ್ ಸ್ಪೈಕ್ (ನೆಲಕ್ಕೆ ಚುಚ್ಚೋ ದೀಪ) ಎಂಟು, ಬಲ್ಕಾಂವಿಗೆ ಒಂದು ಬಲ್ಬು, ಬಾವಿ ಹತ್ತಿರ 50 ವ್ಯಾಟ್ ಫ್ಲಡ್. ಎಲ್ಲಾ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ: ಸಂಖ್ಯೆ ಕಮ್ಮಿಯಾದಷ್ಟು ಹಳದಿ, ಹೆಚ್ಚಾದಷ್ಟು ನೀಲಿ ಬಿಳಿ). "ಬೆಳಕು ಜಾಸ್ತಿ ಬರೋದು ಅದರಲ್ಲೇ" ಅಂತ ಅವರ ವಾದ. ಮನೆಯವರಿಗೆ ಹಳದಿ ಬೇಕು. ಎಲ್ಲದಕ್ಕೂ 3000 ಹಾಕಿದರೆ ಆಗುತ್ತಾ? ಗೇಟಿನ ಕ್ಯಾಮೆರಾ ರಾತ್ರಿಯೂ ಬಣ್ಣದಲ್ಲಿ ತೋರಿಸೋ ತರಹದ್ದು, ಅದಕ್ಕೆ ತೊಂದರೆ ಆಗುತ್ತಾ? ಮೊದಲ ಮಳೆಗೆ ಬರೋ ಈಸಲು ಹುಳದ ಕಾಟಕ್ಕೆ ಬಣ್ಣ ಬದಲಿಸಿದರೆ ಏನಾದರೂ ಪ್ರಯೋಜನ ಇದೆಯಾ?

—

ಉತ್ತರ 1: ಲಕ್ಸ್ ಲೆಕ್ಕ, ಪುಣೆ

ಇಡೀ ಅಂಗಳಕ್ಕೆ ಒಂದೇ ಸಂಖ್ಯೆ ಹುಡುಕಬ್ಯಾಡ್ರಿ. ಬೆಳಕು ಯಾವುದರ ಮೇಲೆ ಬೀಳುತ್ತೆ, ಎಲ್ಲಿ ನಿಂತವರಿಗೆ ಕಾಣುತ್ತೆ, ಇವೆರಡನ್ನು ನೋಡಿ ಕೆಲ್ವಿನ್ ಆರಿಸಬೇಕು. ಅಂದಾಜಿಗೆ: ಎಣ್ಣೆ ಹಣತೆ 1900ರ ಆಸುಪಾಸು, ಹಳೇ ಸೋಡಿಯಂ ಬೀದಿದೀಪ 2000 ಚಿಲ್ಲರೆ, ತಂತಿ ಉರಿಯುವ ಹಳೇ ಬಲ್ಬು 2700, ನಡುಹಗಲ ಬಿಸಿಲು 5500, ಮೋಡ ಕವಿದ ಹಗಲು 6500. ನಿಮ್ಮ ಎಲೆಕ್ಟ್ರಿಷಿಯನ್ ಹೇಳ್ತಿರೋದು ರಾತ್ರಿ ಹತ್ತು ಗಂಟೆಗೆ ಅಂಗಳದಲ್ಲಿ ಆಷಾಢದ ಮಧ್ಯಾಹ್ನ ತರೋಣ ಅಂತ.

ಚಿರೇಕಲ್ಲಿಗೆ 2700 ಅಥವಾ 3000. ಆ ಕಲ್ಲಿನ ಬಣ್ಣ ಇರೋದೇ ಕೆಂಪು ಕಿತ್ತಳೆಯಲ್ಲಿ, 6500ರಲ್ಲಿ ಆ ಭಾಗ ಕಮ್ಮಿ. ಹಾಗಾಗಿ ಕಲ್ಲು ಸಿಮೆಂಟು ಬಳಿದಂತೆ ಬೂದಿಯಾಗಿ ಕಾಣುತ್ತೆ. ಗಿಲಾವು ಇಲ್ಲದ ಗೋಡೆ ಆಗಿರೋದರಿಂದ ದೀಪವನ್ನು ಕಂಬದ ತುದಿಗೆ ಇಟ್ಟು ಎದುರಿಗೆ ಚೆಲ್ಲಬೇಡಿ. ಗೋಡೆಯಿಂದ 15-20 ಸೆಂ.ಮೀ. ಮುಂದೆ, ಮೇಲಿಂದ ಕೆಳಕ್ಕೆ ಸವರಿಕೊಂಡು ಹೋಗೋ ಹಾಗೆ ಕೂರಿಸಿ. ಕಲ್ಲಿನ ಪ್ರತಿ ಕುಳಿಗೂ ಒಂದು ನೆರಳು ಬೀಳುತ್ತೆ, 4-5 ವ್ಯಾಟೇ ಸಾಕಾಗುತ್ತೆ.

ನೀಲಿ ಗೋಡೆಯ ಲೆಕ್ಕ ಬೇರೆ. ನೀಲಿ ಬಣ್ಣ ಹಿಂದಕ್ಕೆ ಎಸೆಯೋದು ನೀಲಿ ಬೆಳಕನ್ನೇ, 2700ರಲ್ಲಿ ಅದು ತೀರಾ ಕಮ್ಮಿ. ರಾತ್ರಿ ನಿಮ್ಮ ಗೋಡೆ ಕಪ್ಪುಗಟ್ಟಿದ ಬೂದಿ ಬಣ್ಣ ಆಗುತ್ತೆ, ಬಿಳಿ ಪಟ್ಟಿ ಮಾತ್ರ ಬೆಣ್ಣೆ ಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತೆ. ಗೋಡೆಯ ನೀಲಿ ಕಾಣಲೇಬೇಕು ಅಂದ್ರೆ ಆ ಒಂದು ಗೋಡೆಗೆ 4000, ಸಿಆರ್‌ಐ (ಬಣ್ಣಗಳನ್ನು ನಿಜದಂತೆ ತೋರಿಸೋದಕ್ಕೆ ನೂರಕ್ಕೆ ಕೊಡೋ ಅಂಕ) 90 ಇರೋ 5 ವ್ಯಾಟಿನ ಎರಡು ದೀಪ, ಸೂರಿನ ಕೆಳಗೆ ಮುಚ್ಚಿಟ್ಟು ಕೆಳಮುಖ. ಬೇಡ ಅಂದ್ರೆ ಆ ಗೋಡೆಗೆ ದೀಪವೇ ಬೇಡ, ಬಲ್ಕಾಂವಿನ ಒಳಗಿನ 3000ದ ಬೆಳಕು ಹೊರಗೆ ಸೋರಿದ್ದೇ ಸಾಕು. ನನ್ನ ಮಟ್ಟಿಗೆ ಎರಡನೆಯದೇ ಚೆಂದ. ಒಂದು ಮಾತು: ಎರಡು ಬೇರೆ ಕೆಲ್ವಿನ್ ಒಂದೇ ಮೇಲ್ಮೈ ಮೇಲೆ ಬೀಳಬಾರದು. ಬೇರೆ ಬೇರೆ ಗೋಡೆಗಳ ಮೇಲಿದ್ದರೆ ಕಣ್ಣು ಒಪ್ಪಿಕೊಳ್ಳುತ್ತೆ, ಒಂದೇ ಗೋಡೆ ಮೇಲಾದರೆ ಯಾವುದೋ ಬಲ್ಬು ಕೆಟ್ಟಿದೆ ಅನಿಸುತ್ತೆ.

ಗಿಡಗಳಿಗೆ 3000. 2700ಕ್ಕೆ ಇಳಿದರೆ ಹಸಿರು ಒಣಗಿದಂತೆ ಕಂದು ಹೊಡೆಯುತ್ತೆ, 4000ದಲ್ಲಿ ಎಲೆ ತಾಜಾ ಕಂಡರೂ ಕ್ರೋಟನ್ನಿನ ಕೆಂಪು ಸತ್ತುಹೋಗುತ್ತೆ. ತುಳಸಿ ಕಟ್ಟೆಗೆ ಪ್ರತ್ಯೇಕ ದೀಪ ಬೇಡ. ಸಂಜೆ ಹಣತೆ ಇಡೋ ಜಾಗ ಅದು, ಪಕ್ಕದ ಸ್ಪೈಕ್ 3000 ಇದ್ದರೂ ಹಣತೆ ಮಂಕಾಗುತ್ತೆ. ಕಟ್ಟೆಯ ಎಡಬಲ ಎರಡು ಮೀಟರ್ ಜಾಗ ಬಿಟ್ಟು ಸ್ಪೈಕ್ ನೆಡಿ.

ಬೆಳಕಿನ ಪ್ರಮಾಣವನ್ನೂ ಕೆಳಕ್ಕೆ ತನ್ನಿ. ಹುಣ್ಣಿಮೆ ಬೆಳದಿಂಗಳು ಕಾಲು ಲಕ್ಸ್ (ಒಂದು ಜಾಗದ ಮೇಲೆ ಬೀಳೋ ಬೆಳಕಿನ ಅಳತೆ) ಕೂಡ ದಾಟೋದು ಕಷ್ಟ, ಅದರಲ್ಲೇ ನಾವು ದಾರಿ ನಡೀತೀವಿ. ದಾರಿಗೆ 5 ಲಕ್ಸ್ ಧಾರಾಳ, ಮೆಟ್ಟಿಲಿಗೆ 15ರಿಂದ 20. ಕಮ್ಮಿ ಬೆಳಕಿನಲ್ಲಿ ಬೆಚ್ಚನೆಯ ಬಣ್ಣವೇ ಹಿತ. ಅದೇ ಕಮ್ಮಿ ಬೆಳಕನ್ನು 6500ರಲ್ಲಿ ಕೊಟ್ಟರೆ ಆಸ್ಪತ್ರೆ ಕಾರಿಡಾರಿನ ಕೊನೇ ಟ್ಯೂಬು ನೆನಪಾಗುತ್ತೆ.

ತೀರ್ಮಾನ ಮಾಡೋ ಮೊದಲು ಒಂದು ಸಂಜೆ ಪರೀಕ್ಷೆ ಮಾಡಿ. ಐದು ಮೀಟರ್ ವೈರಿಗೆ ಮಾಮೂಲಿ ಪಿನ್ ಹೋಲ್ಡರ್ ಕಟ್ಟಿ. ಒಂದೇ ಕಂಪನಿಯ, ಒಂದೇ ವ್ಯಾಟಿನ 2700, 3000, 4000 ಬಲ್ಬು ಒಂದೊಂದು ತನ್ನಿ. ಗೋಡೆಯಿಂದ ಎರಡಡಿ ದೂರ ಹಿಡಿದು ರಸ್ತೆಯಿಂದಲೂ ಬಲ್ಕಾಂವಿಂದಲೂ ನೋಡಿ. ಮನೆಯೊಳಗಿನ ದೀಪ ಆರಿಸಿ, ಕತ್ತಲಲ್ಲಿ ಹದಿನೈದು ನಿಮಿಷ ಕೂತ ಮೇಲೆ ನೋಡಬೇಕು. ಮೊಬೈಲಲ್ಲಿ ಫೋಟೋ ತೆಗೆದು ಮನೆಯವರಿಗೆ ಕಳಿಸೋದಾದರೆ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, 5000ಕ್ಕೆ ಕಟ್ಟಿಹಾಕಿ. ಆಟೋದಲ್ಲಿ ಮೂರೂ ಬಲ್ಬು ಹೆಚ್ಚುಕಡಿಮೆ ಒಂದೇ ತರಹ ಬರುತ್ತೆ.

—

ಉತ್ತರ 2: ಕಲ್ಯಾಣ್ ಲೋಕಲ್, ಡೊಂಬಿವಲಿ

ಎಲೆಕ್ಟ್ರಿಷಿಯನ್ ಹೇಳಿದ್ದು ಪೂರ್ತಿ ಸುಳ್ಳಲ್ಲ ಮಾರಾಯ್ರೆ. ಒಂದೇ ವ್ಯಾಟಿಗೆ 6500ರ ಲುಮೆನ್ (ಬಲ್ಬು ಕೊಡೋ ಒಟ್ಟು ಬೆಳಕು) ಜಾಸ್ತಿ, ಡಬ್ಬದ ಮೇಲೆ ಓದಿ ನೋಡಿ. ಕತ್ತಲಲ್ಲಿ ಕಣ್ಣಿಗೂ ನೀಲಿ ಕಡೆಯ ಬೆಳಕೇ ಹೆಚ್ಚು ತಾಗುತ್ತೆ. ಮಳೆಗಾಲದಲ್ಲಿ ಮಾತ್ರ ಹಳದಿ ಹಾಕಿ, ಮಳೆ ಮಂಜಿನಲ್ಲಿ ಹಳದಿ ತೂರಿಕೊಂಡು ಹೋಗುತ್ತೆ. ಕಳ್ಳಕಾಕರ ಭಯ ಇದ್ದಲ್ಲಿ ಬಿಳಿಯೇ ಸರಿ.

—

ಉತ್ತರ 3: ಲಕ್ಸ್ ಲೆಕ್ಕ, ಪುಣೆ

ಲುಮೆನ್ ವಿಚಾರ ನಿಜ, ಆದರೆ ವ್ಯತ್ಯಾಸ ಸಾಮಾನ್ಯವಾಗಿ ಶೇ. 5ರಿಂದ 10. ಕಣ್ಣಿಗೆ ಶೇ. 10 ಗೊತ್ತೇ ಆಗಲ್ಲ. ಬಿಳಿ ಎಲ್‌ಇಡಿ ಅಂದ್ರೆ 450 ನ್ಯಾನೋಮೀಟರ್ ಅಲೆಯುದ್ದದ ಸುಮಾರಿನ ನೀಲಿ ಬೆಳಕು ಕೊಡೋ ಚಿಪ್ಪು (ಎಲೆಕ್ಟ್ರಾನಿಕ್ ಚಿಪ್), ಅದರ ಮೇಲೆ ಹಳದಿ ಫಾಸ್ಫರ್ ಲೇಪ. 6500ರಲ್ಲಿ ಲೇಪ ತೆಳು, ನೀಲಿ ನೇರ ಹೊರಬರುತ್ತೆ. 2700ರಲ್ಲಿ ದಪ್ಪ, ನೀಲಿಯನ್ನು ಕೆಂಪು ಹಳದಿಯಾಗಿ ಬದಲಿಸುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತೆ. ಅಷ್ಟೇ ವ್ಯತ್ಯಾಸ.

ಕತ್ತಲಲ್ಲಿ ನೀಲಿ ಹೆಚ್ಚು ತಾಗುತ್ತೆ ಅನ್ನೋದೂ ನಿಜ. ಅದಕ್ಕೇ ಕಣ್ಣು ಕುಕ್ಕೋದೂ ಅದೇ. ವಯಸ್ಸಾದವರ ಕಣ್ಣಿನ ಮಸೂರ ಹಳದಿಯಾಗಿ ಮಬ್ಬಾಗಿರುತ್ತೆ, ನೀಲಿ ಬೆಳಕು ಅಲ್ಲಿ ಚೆದುರಿ ಪರದೆ ಕಟ್ಟುತ್ತೆ. ಮೆಟ್ಟಿಲ ಅಂಚು ಕಾಣದೇ ಇರೋದು ಆವಾಗ. ಹೊರಗಿನ ದೀಪ 3000 ಅಥವಾ ಅದಕ್ಕಿಂತ ಕೆಳಗಿರಲಿ ಅಂತ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿದ್ದು ಇದೇ ಕುಕ್ಕು ಮತ್ತು ನಿದ್ದೆಯ ಕಾರಣಕ್ಕೆ.

ಮಂಜಿನ ಮಾತು ಮಾತ್ರ ಒಪ್ಪಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲಾ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ತರಹ ಚೆದುರಿಸುತ್ತೆ. ಮಳೆಯಲ್ಲಿ ಬಿಳಿ ಗೋಡೆ ಎದ್ದಂತೆ ಕಾಣೋದು ದೀಪ ಕಣ್ಣಿನ ಮಟ್ಟದಲ್ಲಿ ಅಡ್ಡಡ್ಡ ನೋಡ್ತಾ ಇರೋದರಿಂದ. ದೀಪದ ತಲೆ ಕೆಳಕ್ಕೆ ತಿರುಗಿಸಿ, ಸರಿಹೋಗುತ್ತೆ.

ಕಳ್ಳರಿಗೆ ಬಣ್ಣ ಲೆಕ್ಕಕ್ಕಿಲ್ಲ, ನೆರಳು ಲೆಕ್ಕ. 50 ವ್ಯಾಟಿನ ಬಿಳಿ ಫ್ಲಡ್ಡಿನ ಹಿಂದೆ ಬೀಳೋ ಕತ್ತಲೆಯಲ್ಲಿ ಇಬ್ಬರು ಆರಾಮಾಗಿ ನಿಲ್ಲಬಹುದು. ಬಣ್ಣದ ಕ್ಯಾಮೆರಾಕ್ಕೆ 3000 ಏನೂ ಅಡ್ಡಿಯಿಲ್ಲ, ಆ ತರಹದ ಎಷ್ಟೋ ಕ್ಯಾಮೆರಾಗಳಲ್ಲಿ ಕಂಪನಿಯೇ ಕೂರಿಸಿರೋ ಪುಟ್ಟ ದೀಪ ಬೆಚ್ಚನೆಯ ಬಿಳಿಯದು. ಗೇಟಿನ ಒಂದು ಕಂಬಕ್ಕೆ 3000, ಇನ್ನೊಂದಕ್ಕೆ 6500 ಹಾಕಿದಾಗ ಮಾತ್ರ ಅದು ಒದ್ದಾಡುತ್ತೆ. ಬಂದವರ ಅಂಗಿ ಅರ್ಧ ಹಳದಿ, ಅರ್ಧ ನೀಲಿ.

ಹುಳಗಳು ಹೆಚ್ಚಾಗಿ ನೇರಳೆ, ನೀಲಿ ಕಡೆಗೆ ಬರೋದರಿಂದ 2700ಕ್ಕೆ ಬರೋ ಹುಳ 6500ಕ್ಕಿಂತ ಕಮ್ಮಿ. ಕಮ್ಮಿ ಅಷ್ಟೇ, ಇಲ್ಲವೇ ಇಲ್ಲ ಅಂತಲ್ಲ. ಈಸಲು ಏಳೋ ಸಂಜೆ ಯಾವ ಕೆಲ್ವಿನ್ನೂ ಉಳಿಸಲ್ಲ. ಅದು ಗಂಟೆಯೊಳಗೆ ಮುಗಿಯೋ ಆಟ. ಬಲ್ಕಾಂವಿನ ದೀಪ ಆರಿಸಿ, ಗೇಟಿನ ಹತ್ತಿರ ಒಂದೇ ದೀಪ ಉರಿಸಿ, ಕೆಳಗೆ ಅಗಲದ ಪಾತ್ರೆಯಲ್ಲಿ ನೀರಿಡಿ. ಶಾಶ್ವತ ಉಪಾಯ ಬೇಕಾದರೆ ಬಾಗಿಲ ನೆತ್ತಿಯ ಮೇಲಿನ ದೀಪವನ್ನೇ ತೆಗೆದು ಎರಡು ಮೂರು ಮೀಟರ್ ದೂರದಿಂದ ಬಾಗಿಲಿಗೆ ಬೆಳಕು ಬೀಳೋ ಹಾಗೆ ಮಾಡಿ. ಹುಳ ಸುತ್ತೋದು ದೀಪವನ್ನು, ಬೆಳಕು ಬಿದ್ದ ಬಾಗಿಲನ್ನಲ್ಲ.

—

ಉತ್ತರ 4: ಲೋಹಾರ್ ಚಾಳ್ ಗಿರಾಕಿ, ಮುಂಬೈ

ಕೆಲ್ವಿನ್ ಆರಿಸೋದು ಮುಗೀತು, ಈಗ ಅಂಗಡಿಯಲ್ಲಿ ಅದೇ ಸಿಗುತ್ತಾ ಅನ್ನೋದು ಪ್ರಶ್ನೆ. ಮುಂಬೈಯ ಲೋಹಾರ್ ಚಾಳಾಗಲಿ, ಪುಣೆಯ ತಾಪ್ಕೀರ್ ಗಲ್ಲಿಯಾಗಲಿ, ಮಡಗಾಂವಾಗಲಿ, "ವಾರ್ಮ್ ಕೊಡಿ" ಅಂದ್ರೆ 2700ರಿಂದ 3200ರವರೆಗೆ ಏನು ಬೇಕಾದರೂ ಕೈಗೆ ಬರುತ್ತೆ. ಡಬ್ಬದ ಮೇಲೆ ಮೂರಂಕಿಯ ಒಂದು ಸಂಕೇತ ಇರುತ್ತೆ: 827, 830, 840, 865. ಮೊದಲಂಕಿ ಸಿಆರ್‌ಐ ಎಂಬತ್ತರ ಮನೆ ಅಂತ, ಉಳಿದೆರಡು ಕೆಲ್ವಿನ್ನಿನ ಮೊದಲೆರಡು ಅಂಕಿ. 930 ಸಿಕ್ಕರೆ ಚಿರೇಕಲ್ಲಿಗೆ ಅದನ್ನೇ ತೊಗೊಳ್ಳಿ. ಸಿಆರ್‌ಐ 80 ಲೆಕ್ಕ ಹಾಕೋದು ಎಂಟು ಮಾಸಲು ಬಣ್ಣಗಳ ಸರಾಸರಿಯಲ್ಲಿ, ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದನ್ನು ಆರ್9 ಅಂತ ಬೇರೆಯಾಗಿ ಅಳೀತಾರೆ. ಎಂಬತ್ತರ ಬಲ್ಬಿನಲ್ಲಿ ಆರ್9 ಸೊನ್ನೆಯ ಹತ್ತಿರ ಇದ್ದರೂ ಆಶ್ಚರ್ಯ ಇಲ್ಲ. ಕಲ್ಲು, ಹೆಂಚು, ದಾಸವಾಳ ಮೂರೂ ಕೆಂಪೇ ಇರೋ ನಿಮ್ಮ ಅಂಗಳದಲ್ಲಿ ಅದು ಗೊತ್ತಾಗುತ್ತೆ.

ಇನ್ನೊಂದು ಸೂಕ್ಷ್ಮ. 3000 ಅಂತ ಬರೆದ ಬಲ್ಬು ಸರಿಯಾಗಿ 3000 ಇರಲ್ಲ. ಜಗತ್ತೆಲ್ಲಾ ಬಳಸೋ ಅಮೆರಿಕದ ಆನ್ಸಿ ಮಾನದಂಡದಲ್ಲಿ 3000ದ ಗೂಡು 3045ರ ಆಚೀಚೆ 175, ಅಂದ್ರೆ 2870ರಿಂದ 3220. 2700ರ ಗೂಡು 2580ರಿಂದ 2870. ಒಂದು ಮುಗಿಯೋ ಕಡೆ ಇನ್ನೊಂದು ಶುರು. ಹಾಗಾಗಿ ಗೇಟಿನ ಎರಡು ಕಂಬಕ್ಕೆ ಎರಡು ಬೇರೆ ಲಾಟಿನ ಬಲ್ಬು ಹಾಕಿದರೆ ಎರಡೂ "3000" ಆಗಿದ್ದೂ ಒಂದು ಹಾಲು, ಇನ್ನೊಂದು ಚಹಾ ಆಗಿ ಕಾಣಬಹುದು. ಹೊರಗಿನ ಎಲ್ಲಾ ದೀಪ, ಜೊತೆಗೆ ಎರಡು ಮೂರು ಹೆಚ್ಚುವರಿ, ಒಂದೇ ಸಲ ಒಂದೇ ಬ್ಯಾಚ್ ನಂಬರ್ ನೋಡಿ ಕೊಳ್ಳಿ. ಒಳ್ಳೆಯ ಫಿಕ್ಸ್ಚರ್ ಆದರೆ ಎಸ್‌ಡಿಸಿಎಂ 3 (ಬಲ್ಬಿಂದ ಬಲ್ಬಿಗೆ ಬಣ್ಣ ಎಷ್ಟು ಏರುಪೇರಾಗಬಹುದು ಅನ್ನೋ ಅಳತೆ) ಅಂತ ಬರೆದಿರುತ್ತೆ, 3ಕ್ಕೆ ಕಣ್ಣು ವ್ಯತ್ಯಾಸ ಹಿಡಿಯೋದು ಕಷ್ಟ. 5 ಅಂದ್ರೆ ಅಕ್ಕಪಕ್ಕ ಇಟ್ಟಾಗ ಗೊತ್ತಾಗುತ್ತೆ.

"300 ಕೆಲ್ವಿನ್ ಏನು ಮಹಾ" ಅನ್ನಿಸಿದರೆ ಈ ಲೆಕ್ಕ ನೋಡಿ. ಕಣ್ಣಿಗೆ ಕಾಣೋ ವ್ಯತ್ಯಾಸಕ್ಕೆ ಹತ್ತಿರದ ಅಳತೆ ಮೈರೆಡ್: ಹತ್ತು ಲಕ್ಷವನ್ನು ಕೆಲ್ವಿನ್ನಿಂದ ಭಾಗಿಸಿ. 2700 ಅಂದ್ರೆ 370, 3000 ಅಂದ್ರೆ 333, ಅಂತರ 37. ಮೇಲಿನ ತುದಿಯಲ್ಲಿ 5700 ಅಂದ್ರೆ 175, 6500 ಅಂದ್ರೆ 154, ಅಂತರ ಬರೀ 21. ಕೆಳಗಿನ 300, ಮೇಲಿನ 800ಕ್ಕಿಂತ ದೊಡ್ಡದು. ಬೆಚ್ಚನೆಯ ದೀಪ ಆರಿಸೋವಾಗ ಬಿಳಿ ದೀಪಕ್ಕಿಂತ ಹೆಚ್ಚು ಚೌಕಾಶಿ ಮಾಡಬೇಕಾಗಿರೋದು ಇದಕ್ಕೇ. ಬಣ್ಣ ಜನಕ್ಕೆ ಗೊತ್ತಾಗಲ್ಲ ಅನ್ನೋರಿಗೆ ಮುಂಬೈಯ ಕಡಲಂಚಿನ ಮರೀನ್ ಡ್ರೈವ್ ನೆನಪಿಸಿ, ಅಲ್ಲಿನ ದೀಪಸಾಲಿಗೆ ರಾಣಿಯ ಹಾರ ಅಂತಲೇ ಹೆಸರು: 2015ರಲ್ಲಿ ಅಲ್ಲಿನ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ರಾಣಿಯ ಹಾರ ಹೋಯ್ತು ಅಂತ ಊರೇ ಗದ್ದಲ ಎಬ್ಬಿಸಿತು, ಆಮೇಲೆ ಹಳದಿ ಛಾಯೆಗೆ ವಾಪಸ್ ಬರಬೇಕಾಯಿತು.

ಹಿಂಬದಿ ಸಣ್ಣ ಸ್ವಿಚ್ ಇದ್ದು 3000, 4000, 6000 ಮೂರಕ್ಕೂ ತಿರುಗಿಸಬಹುದಾದ ಫಿಕ್ಸ್ಚರ್ ಬಂದಿವೆ. ಪರೀಕ್ಷೆಗೆ ಒಳ್ಳೇದು. ಹೊರಗೆ ಖಾಯಂ ಹಾಕೋಕೆ ಬೇಡ ಅಂತೀನಿ. ಒಳಗೆ ಎರಡು ಬಣ್ಣದ ಚಿಪ್ಪಿನ ಸಾಲು ಇರುತ್ತೆ, 3000ಕ್ಕೆ ಇಟ್ಟಾಗ ಒಂದೇ ಸಾಲು ಪೂರ್ತಿ ಹೊರೆ ಹೊರುತ್ತೆ. ಮೇಲಾಗಿ ಆ ಸ್ವಿಚ್ಚಿನ ರಬ್ಬರ್ ಮುಚ್ಚಳವೇ ನೀರು ಇಳಿಯೋ ಬಾಗಿಲು.

ವರ್ಷ ಕಳೆದಂತೆ ಬಣ್ಣ ತಿರುಗೋದು ಎರಡು ದಿಕ್ಕಿಗೆ. ಅಗ್ಗದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಗುಂಡು ಮುಚ್ಚಳ ಬಿಸಿಲಿಗೆ ಹಳದಿಯಾದರೆ ದೀಪವೂ ಹಳದಿ, ಅದನ್ನು ಸೋಪು ಹಾಕಿ ತಿಕ್ಕಿದರೆ ಏನೂ ಬದಲಾಗಲ್ಲ. ಬಿಸಿ ಹೆಚ್ಚಾಗಿ ಚಿಪ್ಪಿನ ಮೇಲಿನ ಫಾಸ್ಫರ್ ಬಿಟ್ಟುಕೊಂಡರೆ ಒಳಗಿನ ನೀಲಿ ಬಯಲಾಗಿ ದೀಪ ನೇರಳೆಗೆ ತಿರುಗುತ್ತೆ, ಅಮೆರಿಕದ ಎಷ್ಟೋ ಊರಲ್ಲಿ ಬೀದಿದೀಪ ನೇರಳೆಯಾಗಿದ್ದು ಹೀಗೇ. ಯುವಿ ತಡೆಯೋ ಗುಂಡು ಇಲ್ಲವೇ ಗಾಜು ಕೇಳಿ. ಮುಚ್ಚಿದ ಗುಂಡಿನೊಳಗೆ 9 ವ್ಯಾಟಿನ ಬಲ್ಬು ತುರುಕಬೇಡಿ, 5 ಸಾಕು.

—

ಉತ್ತರ 5: ದಂಡೆಯ ಮರಳು, ಕಾಣಕೋಣ

ಇಷ್ಟು ಹೊತ್ತು ಯಾರೂ ಬಾವಿ ಹತ್ತಿರದ 50 ವ್ಯಾಟ್ ಫ್ಲಡ್ ಬಗ್ಗೆ ಮುಖ್ಯವಾದ್ದನ್ನು ಹೇಳಲಿಲ್ಲ. ಅಗೊಂದ ಕಡಲಾಮೆ ಮೊಟ್ಟೆ ಇಡೋ ದಂಡೆ. ಗೋವಾದಲ್ಲಿ ಗಾಲ್ಜಿಬಾಗ, ಮೋರ್ಜಿ, ಮಾಂದ್ರೆ ಜೊತೆ ಇದೂ ಒಂದು. ಬರೋದು ಆಲಿವ್ ರಿಡ್ಲಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರೋ ಮೊದಲನೇ ಅನುಸೂಚಿಯ ಜೀವಿ. ಸಾಮಾನ್ಯವಾಗಿ ನವೆಂಬರಿಂದ ಮಾರ್ಚ್‌ವರೆಗೆ ಮೊಟ್ಟೆ, ಅಲ್ಲಿಂದ 45ರಿಂದ 60 ದಿನಕ್ಕೆ ಮರಿ. ಹಾಗಾಗಿ ಮೇವರೆಗೂ ಲೆಕ್ಕ ಇಟ್ಟುಕೊಳ್ಳಿ. ಮರಿ ಹೊರಬರೋದು ಹೆಚ್ಚಾಗಿ ರಾತ್ರಿ, ಅದು ಹೋಗೋದು ತಗ್ಗಿನಲ್ಲಿ ಎಲ್ಲಿ ಹೆಚ್ಚು ಬೆಳಕಿದೆಯೋ ಆ ಕಡೆ. ದೀಪಗಳಿಲ್ಲದ ದಂಡೆಯಲ್ಲಿ ಅದು ಸಮುದ್ರ. ನಿಮ್ಮ ಫ್ಲಡ್ ಉರಿದರೆ ಅದು ನಿಮ್ಮ ಬಾವಿಕಟ್ಟೆ.

ಇಲ್ಲಿ 6500 ಬಿಟ್ಟು 3000 ಹಾಕಿದೆ ಅಂದ್ರೆ ಸಾಲದು. 2200 ಕೆಲ್ವಿನ್ ಅಂತ ಮಾರೋ ಚಿನ್ನದ ಬಣ್ಣದ ಬಲ್ಬಲ್ಲೂ ಅದೇ ನೀಲಿ ಚಿಪ್ಪು, ಸ್ವಲ್ಪ ನೀಲಿ ಸೋರಿಯೇ ಸೋರುತ್ತೆ. ಕೆಲ್ವಿನ್ ಹೇಳೋದು ಕಣ್ಣಿಗೆ ಕಾಣೋ ಒಟ್ಟು ಛಾಯೆ, ಒಳಗೆ ಏನೇನಿದೆ ಅಂತಲ್ಲ. ಆಮೆಗೆ ಬೇಕಾದ ಲೆಕ್ಕ ಅಲೆಯುದ್ದದ್ದು. ಫ್ಲಾರಿಡಾದ ಆಮೆ ದಂಡೆಗಳಲ್ಲಿ 560 ನ್ಯಾನೋಮೀಟರಿಗಿಂತ ಉದ್ದದ ಅಲೆ ಮಾತ್ರ ಇರೋ ದೀಪ ಕೇಳ್ತಾರೆ. 590ರ ಸುಮಾರಿನ ಆಂಬರ್ ಎಲ್‌ಇಡಿ ಅಂತ ಕೇಳಿ ತೊಗೊಳ್ಳಿ. ಅದರಲ್ಲಿ ಎಲ್ಲವೂ ಒಂದೇ ಕಿತ್ತಳೆ ಹಳದಿಯಾಗಿ ಕಾಣುತ್ತೆ, ಬಟ್ಟೆಯ ಕಲೆ ಹೋಯ್ತಾ ಅಂತ ತಿಳಿಯಲ್ಲ. ರಾತ್ರಿ ಬಟ್ಟೆ ಒಗೆಯೋರು ಯಾರು ಬಿಡಿ.

ಬಣ್ಣಕ್ಕಿಂತ ಮೊದಲು ಮರೆ. 50 ವ್ಯಾಟ್ ಬಿಟ್ಟು 5 ವ್ಯಾಟಿನ ಆಂಬರ್, ಬಾವಿಕಟ್ಟೆಯ ಪಶ್ಚಿಮದ ಬದಿಯಲ್ಲಿ ಸೊಂಟದೆತ್ತರಕ್ಕಿಂತ ಕೆಳಗೆ, ಮನೆಯ ಕಡೆ ಮುಖ ಮಾಡಿ, ಕೆಳಕ್ಕೆ ಬಾಗಿಸಿ. ಬೆನ್ನಿಗೆ ತಗಡಿನ ಮರೆ. ಪಶ್ಚಿಮದ ಬದಿಗೇ ಯಾಕೆ ಅಂದ್ರೆ ಪೂರ್ವದ ಬದಿಯಲ್ಲಿಟ್ಟರೆ ದೀಪ ಸಮುದ್ರಕ್ಕೆ ಮುಖ ಮಾಡುತ್ತೆ. ಹಾಕಿದ ಮೇಲೆ ಅಮಾವಾಸ್ಯೆ ಆಸುಪಾಸಿನ ರಾತ್ರಿ ದಂಡೆಗೆ ಹೋಗಿ, ಮರಳ ಮೇಲೆ ಕೂತು, ಮೊಬೈಲ್ ಟಾರ್ಚ್ ಹಾಕದೆ ಮನೆ ಕಡೆ ನೋಡಿ. ದೀಪವೇ ಕಂಡರೆ ಮರೆ ಸಾಲದು. ತೆಂಗಿನ ಗರಿಯ ತಳಭಾಗ ಬೆಳಗಿದ್ದು ಕಂಡರೆ ಬೆಳಕು ಮೇಲಕ್ಕೆ ಹೋಗ್ತಿದೆ, ಬಾಗು ಸಾಲದು. ತೆಂಗಿನ ಮರಕ್ಕೆ ಕೆಳಗಿಂದ ದೀಪ ಹಾಕಿಸೋ ಯೋಚನೆ ಯಾರಾದರೂ ತಲೆಗೆ ಹಾಕಿದರೆ ಕೇಳಬೇಡಿ.

—

ಅಂಗಳದೀಪ, ಅಗೊಂದ

ಎಲ್ಲರಿಗೂ ಉಪಕಾರ. ಎರಡು ಪ್ರಶ್ನೆ ಉಳೀತು. ಅಂಗಡಿಯಲ್ಲಿ ಆಂಬರ್ ಅಂದಾಗ ಹಳದಿ ಬಣ್ಣ ಬಳಿದ ಬಲ್ಬನ್ನೇ ತೋರಿಸಿದರೆ ಗುರುತಿಸೋದು ಹೇಗೆ? ಎರಡನೇದು, 12 ವೋಲ್ಟಿನ ಎಂಟು ಸ್ಪೈಕ್‌ಗೆ ಗೇಟಿನ ಹತ್ತಿರವೇ ಡ್ರೈವರ್ (ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸೋ ಡಬ್ಬ) ಇಟ್ಟು 1.5 ಚದರ ಮಿ.ಮೀ. ವೈರು 35 ಮೀಟರ್ ಎಳೆದರೆ ಕೊನೆಯವು ಮಂಕಾಗುತ್ತಾ?

—

ಉತ್ತರ 6: ದಂಡೆಯ ಮರಳು, ಕಾಣಕೋಣ

ಅಂಗಡಿಗೆ ಹಳೇ ಸಿಡಿ ಒಂದು ತೊಗೊಂಡು ಹೋಗಿ. ಬಲ್ಬು ಉರಿಸಿ, ಸಿಡಿಯ ಹೊಳೆಯೋ ಬದಿಯನ್ನು ಓರೆಯಾಗಿ ಹಿಡಿದು ಬಲ್ಬಿನ ಪ್ರತಿಬಿಂಬದ ಪಕ್ಕ ಹರಡೋ ಬಣ್ಣದ ಪಟ್ಟಿ ನೋಡಿ. ಮಾಮೂಲಿ ಬಿಳಿ ಬಲ್ಬಿಗೆ ನೀಲಿ, ಹಸಿರು, ಹಳದಿ, ಕೆಂಪು ಎಲ್ಲಾ ಇರುತ್ತೆ, ನೀಲಿ ಪಟ್ಟಿ ಒಂಟಿಯಾಗಿ ಎದ್ದು ಕಾಣುತ್ತೆ. ಬಣ್ಣ ಬಳಿದದ್ದಕ್ಕೆ ಹಸಿರು ಚೆನ್ನಾಗಿಯೇ ಉಳಿದಿರುತ್ತೆ, ನೀಲಿಯೂ ಮಸುಕಾಗಿ ಇಣುಕುತ್ತೆ. ನಿಜವಾದ ಆಂಬರಿಗೆ ಹಳದಿ ಕಿತ್ತಳೆಯ ಒಂದೇ ಕಿರಿದಾದ ಪಟ್ಟಿ. ಫಾಸ್ಫರ್ ಆಂಬರ್ ಆದರೆ ಪಟ್ಟಿ ಸ್ವಲ್ಪ ಅಗಲ, ಕೆಂಪಿನವರೆಗೂ ಹೋಗುತ್ತೆ. ಅದೂ ಆಗುತ್ತೆ, ನೀಲಿ ಇರಬಾರದು ಅಷ್ಟೇ. ಅಂಗಡಿಯ ಟ್ಯೂಬ್‌ಲೈಟು ಸಿಡಿಯಲ್ಲಿ ಬೀಳದ ಹಾಗೆ ಕೌಂಟರ್ ಕೆಳಗೆ ಹಿಡಿದು ನೋಡಿ.

—

ಉತ್ತರ 7: ಮಡಗಾಂವ್ ಮೇನ್ ಸ್ವಿಚ್

ಮಂಕಾಗುತ್ತೆ, ಚೆನ್ನಾಗಿಯೇ ಮಂಕಾಗುತ್ತೆ. ಎಂಟು ಸ್ಪೈಕ್ ಅಂದ್ರೆ 40 ವ್ಯಾಟ್, 12 ವೋಲ್ಟಿಗೆ 3.33 ಆಂಪಿಯರ್. 1.5ರ ತಾಮ್ರದ ಫ್ಲೆಕ್ಸಿಬಲ್ ವೈರಿನ ರೋಧ ಕಿಲೋಮೀಟರಿಗೆ 13.3 ಓಮ್, ಹೋಗಿ ಬರೋ 70 ಮೀಟರಿಗೆ 0.93 ಓಮ್. ಎಲ್ಲಾ ಹೊರೆ ತುದಿಯಲ್ಲೇ ಇದ್ದಿದ್ದರೆ 3.1 ವೋಲ್ಟ್ ನಷ್ಟ. ಸಾಲಾಗಿ ಹಂಚಿರೋದರಿಂದ ಅದರ ಶೇ. 56, ಸುಮಾರು 1.7 ವೋಲ್ಟ್. ಕೊನೆಯ ಸ್ಪೈಕಿಗೆ ಸಿಗೋದು 10.3. ಅಗ್ಗದ ಸ್ಪೈಕಿನೊಳಗೆ ಮೂರು ಎಲ್‌ಇಡಿ ಸರಣಿಯಲ್ಲಿ, ಜೊತೆಗೆ ಒಂದು ರೆಸಿಸ್ಟರ್. ಎಲ್‌ಇಡಿಗಳೇ 9 ವೋಲ್ಟ್ ತಿಂತಾವೆ, ರೆಸಿಸ್ಟರ್ ಮೇಲೆ 3 ಇರಬೇಕಾದಲ್ಲಿ 1.3 ಉಳಿಯುತ್ತೆ. ಕರೆಂಟು ಅರ್ಧದ ಸುಮಾರಿಗೆ ಇಳೀತು, ಬೆಳಕೂ ಅಷ್ಟೇ. ಮನೆಯವರು "ಕೊನೆಯದು ಬೇರೆ ಬಣ್ಣದ್ದು ಕೊಟ್ಟಿದ್ದಾರೆ" ಅಂತ ಅಂಗಡಿಯವನ ಮೇಲೆ ಹೋಗೋದು ಇಂಥ ಹೊತ್ತಲ್ಲೇ.

ಪರಿಹಾರ ಎರಡು. ಡ್ರೈವರನ್ನು ದಾರಿಯ ನಡುವೆ, ತುಳಸಿ ಕಟ್ಟೆಯ ಹಿಂದೆ ಇಟ್ಟು ಆಚೆ ನಾಲ್ಕು, ಈಚೆ ನಾಲ್ಕು ಹಂಚಿ. ಒಂದೊಂದು ಕವಲಿಗೆ 1.67 ಆಂಪಿಯರ್, 17.5 ಮೀಟರ್. ಹೊರೆ ತುದಿಯಲ್ಲಿದೆ ಅಂತ ಹಿಡಿದರೂ ನಷ್ಟ 0.8 ವೋಲ್ಟ್ ಒಳಗೆ. ಇಲ್ಲವೇ ಸ್ಪೈಕನ್ನೇ 24 ವೋಲ್ಟಿನದು ತೊಗೊಳ್ಳಿ, ಡ್ರೈವರ್ ಗೇಟಲ್ಲೇ ಇರಲಿ. 12ರ ಸ್ಪೈಕಿಗೆ 24 ಕೊಟ್ಟರೆ ಒಂದೇ ರಾತ್ರಿ. ನಾನಾದರೆ 24 ಅಂತೀನಿ, ತುಳಸಿ ಕಟ್ಟೆ ಪಕ್ಕ ಡಬ್ಬ ಕೂರಿಸಿದರೆ ದಿನಾ ನೀರು ಹಾಕೋರು ಅದಕ್ಕೂ ಹಾಕ್ತಾರೆ. ಡ್ರೈವರ್ 60 ವ್ಯಾಟಿನದು ಇರಲಿ. 40ರ ಹೊರೆಗೆ 40ರದೇ ಹಾಕಿದರೆ ಏಪ್ರಿಲ್ ಮೇ ಸೆಕೆಯಲ್ಲಿ ಬೇಯುತ್ತೆ.

ಉಪ್ಪುಗಾಳಿಯ ಮಾತು. ಐಪಿ65, 66 ಅಂತ ಬರೆದದ್ದು ಧೂಳು ಮತ್ತು ನೀರಿನ ಲೆಕ್ಕ, ತುಕ್ಕಿನದಲ್ಲ. 250 ಮೀಟರಲ್ಲಿ ಪೌಡರ್ ಕೋಟ್ ಅಲ್ಯೂಮಿನಿಯಂ ಗೀರು ಬಿದ್ದ ಕಡೆಯಿಂದ ಗುಳ್ಳೆ ಏಳುತ್ತೆ, 304 ಸ್ಟೀಲಿನ ಸ್ಕ್ರೂ ಚಹಾ ಕಲೆಯಂತೆ ಕಂದು ಹೊಡೆಯುತ್ತೆ. 316 ಸ್ಟೀಲ್, ಹಿತ್ತಾಳೆ, ಇಲ್ಲವೇ ಯುವಿ ತಡೆಯೋ ಪ್ಲಾಸ್ಟಿಕ್ ಮೈ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ಹಾಕಲೇಬೇಕಾದರೆ ನೈಲಾನ್ ವಾಷರ್ ಮತ್ತು ಎಳೆಗೆ ಸಿಲಿಕೋನ್ ಗ್ರೀಸ್. ಇಲ್ಲದಿದ್ದರೆ ಮುಂದಿನ ಸಲ ಬಿಚ್ಚೋವಾಗ ಸ್ಕ್ರೂ ತಲೆ ಕೈಗೆ ಬರುತ್ತೆ, ಮೈ ಗೋಡೆಯಲ್ಲೇ ಇರುತ್ತೆ.

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಆದರೂ ದೀಪದೊಳಗಿನ ನೀರು ಮಳೆಯಿಂದಲೇ ಬಂದದ್ದು ಅಂತಿಲ್ಲ. ಉರಿದು ಬಿಸಿಯಾದ ದೀಪ ಆರಿಸಿದಾಗ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತೆ, ವೈರು ಬರೋ ತೂತಿನಿಂದ ತೇವದ ಗಾಳಿ ಒಳಗೆಳೆದುಕೊಳ್ಳುತ್ತೆ. ದಿನಾ ಅಷ್ಟಷ್ಟು. ಬ್ರೀದರ್ (ಗಾಳಿ ಬಿಟ್ಟು ನೀರು ತಡೆಯೋ ಪುಟ್ಟ ಕಿಂಡಿ) ಇರೋ ಫಿಕ್ಸ್ಚರ್ ಸಿಕ್ಕರೆ ಅದೇ. ಇಲ್ಲದಿದ್ದರೆ ಗ್ಲಾಂಡ್ (ವೈರು ಒಳಹೋಗೋ ತೂತನ್ನು ಬಿಗಿಯೋ ಬಿರಡೆ) ಕೆಳಮುಖವಾಗಿರಲಿ, ವೈರು ಗ್ಲಾಂಡಿಗೆ ಹೋಗೋ ಮುನ್ನ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರಲಿ, ಹನಿ ಆ ಬಾಗಿನಲ್ಲೇ ಉದುರುತ್ತೆ. ದುಂಡನೆ ವೈರೇ ಹಾಕಿಸಿ. ಚಪ್ಪಟೆ ವೈರಿಗೆ ದುಂಡನೆ ಗ್ಲಾಂಡ್ ಎಷ್ಟು ಬಿಗಿದರೂ ಎರಡು ಬದಿ ಸಂದು ಉಳಿಯುತ್ತೆ.

ಹೊರಗಿನ ಲೈನಿಗೆ ಪ್ರತ್ಯೇಕ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯೋ ಸ್ವಿಚ್) ಹಾಕಿಸಿ. ಮನೆಯ ಆರ್‌ಸಿಸಿಬಿಗೇ ಸೇರಿಸಿದರೆ ಜುಲೈಯಲ್ಲಿ ಗೇಟಿನ ಒಂದು ದೀಪ ಒದ್ದೆಯಾದದ್ದಕ್ಕೆ ಫ್ರಿಜ್ಜೂ ಆರುತ್ತೆ. ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಮೇನ್ ಬೋರ್ಡಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್, ಅದಕ್ಕೆ ಅರ್ತಿಂಗ್ ಸರಿ ಇರಬೇಕು. ಸ್ವಿಚ್ ಮೂರು ಭಾಗ: ಗೇಟು ಮತ್ತು ಕಾಂಪೌಂಡು ಒಂದು, ದಾರಿ ಮತ್ತು ಮೆಟ್ಟಿಲು ಒಂದು, ಬಾವಿ ಒಂದು. ಮೊದಲೆರಡಕ್ಕೆ ಟೈಮರ್ ಹಾಕಬಹುದು. ಬಾವಿಯದಕ್ಕೆ ಟೈಮರೂ ಬೇಡ, ಸೆನ್ಸರೂ ಬೇಡ. ತೆಂಗಿನ ಗರಿ ಅಲ್ಲಾಡಿದ್ದಕ್ಕೆಲ್ಲ ಸೆನ್ಸರ್ ಹೊತ್ತಿಸುತ್ತೆ. ಹಿಂಬಾಗಿಲ ಒಳಗೆ ಕೈಗೆ ಸಿಗೋ ಹಾಗೆ ಒಂದು ಸಾದಾ ಸ್ವಿಚ್, ಉರಿಯುತ್ತಿದೆಯಾ ಅಂತ ಒಳಗಿಂದಲೇ ತಿಳಿಯೋಕೆ ಇಂಡಿಕೇಟರ್ ಇರೋದು.